ವಿಟಮಿನ್ ಸಿ: ಹಣ್ಣಿನಲ್ಲಿ ಕಂಡ ಲಾಭ ಮಾತ್ರೆಯಲ್ಲಿ ಏಕೆ ಕಾಣಲಿಲ್ಲ?

2001ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ 45ರಿಂದ 79 ವರ್ಷದೊಳಗಿನ 19,496 ಮಂದಿಯ ರಕ್ತ ತೆಗೆದು ಅದರಲ್ಲಿ ವಿಟಮಿನ್ ಸಿ ಎಷ್ಟಿದೆಯೆಂದು ಅಳೆದಿದ್ದರು. ಆಮೇಲೆ ಸುಮಾರು ನಾಲ್ಕು ವರ್ಷ ಅವರಲ್ಲಿ ಯಾರು ಉಳಿದರು, ಯಾರು ತೀರಿಕೊಂಡರು ಎಂದು ಲೆಕ್ಕ ಇಟ್ಟರು. ಎಲ್ಲರನ್ನೂ ವಿಟಮಿನ್ ಸಿ ಮಟ್ಟದ ಪ್ರಕಾರ ಐದು ಪಾಲು ಮಾಡಿ ನೋಡಿದಾಗ, ಮೇಲಿನ ಪಾಲಿನವರ ಸಾವಿನ ಪ್ರಮಾಣ ಕೆಳಗಿನ ಪಾಲಿನವರದಕ್ಕಿಂತ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಲೀಟರಿಗೆ 20 ಮೈಕ್ರೋಮೋಲ್ ಹೆಚ್ಚಿದ್ದರೆ, ಅಂದರೆ ದಿನಕ್ಕೆ ಸುಮಾರು 50 ಗ್ರಾಂ ಹಣ್ಣು-ತರಕಾರಿ ಹೆಚ್ಚಿಗೆ ತಿಂದರೆ ಬರುವಷ್ಟು ವ್ಯತ್ಯಾಸವಿದ್ದರೆ, ಸಾವಿನ ಅಪಾಯ ಶೇ 20ರಷ್ಟು ಕಡಿಮೆ.

ಮರುವರ್ಷವೇ, ಅದೇ ಪತ್ರಿಕೆಯಲ್ಲಿ, ಅದೇ ದೇಶದಿಂದ ಇನ್ನೊಂದು ವರದಿ ಬಂತು. ಹಾರ್ಟ್ ಪ್ರೊಟೆಕ್ಷನ್ ಸ್ಟಡಿ ಎಂಬ ಈ ಪ್ರಯೋಗದಲ್ಲಿ 20,536 ಮಂದಿ ಇದ್ದರು. ಎಲ್ಲರೂ ಹೃದ್ರೋಗ, ರಕ್ತನಾಳದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇದ್ದವರು. ಅರ್ಧದಷ್ಟು ಜನರಿಗೆ ದಿನವೂ 250 ಮಿಲಿಗ್ರಾಂ ವಿಟಮಿನ್ ಸಿ, ಜೊತೆಗೆ 600 ಮಿಲಿಗ್ರಾಂ ವಿಟಮಿನ್ ಇ, 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್. ಉಳಿದವರಿಗೆ ಹುಸಿ ಮಾತ್ರೆ, ಅಂದರೆ ನೋಡಲು ಹಾಗೇ ಇದ್ದು ಒಳಗೆ ವಿಟಮಿನ್ ಇಲ್ಲದ್ದು. ಐದು ವರ್ಷ ಕಳೆದ ಮೇಲೆ ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್, ಸಾವು ಯಾವುದರಲ್ಲೂ ಎರಡು ಗುಂಪಿನ ನಡುವೆ ವ್ಯತ್ಯಾಸವಿಲ್ಲ.

ವಿಟಮಿನ್ ಸಿ ಬಗ್ಗೆ ಜನ ಓದುವ ಬಹುತೇಕ ಗೊಂದಲ ಈ ಎರಡು ವರದಿಗಳ ನಡುವೆಯೇ ಇದೆ. ಒಬ್ಬರು ಮೊದಲನೆಯದನ್ನು ಹಿಡಿದು "ವಿಟಮಿನ್ ಸಿ ಆಯಸ್ಸು ಹೆಚ್ಚಿಸುತ್ತದೆ" ಎನ್ನುತ್ತಾರೆ, ಇನ್ನೊಬ್ಬರು ಎರಡನೆಯದನ್ನು ಹಿಡಿದು "ಎಲ್ಲ ಬೊಗಳೆ" ಎನ್ನುತ್ತಾರೆ. ಎರಡೂ ಅಧ್ಯಯನಗಳು ಸರಿಯಾಗಿಯೇ ನಡೆದಿದ್ದವು. ಎರಡೂ ಫಲಿತಾಂಶ ನಿಜವೇ. ಹಾಗಾದರೆ ಇದು ಹೇಗೆ ಸಾಧ್ಯ?

ದೇಹದಲ್ಲಿ ಇದರ ಕೆಲಸವೇನು

ಹೆಚ್ಚಿನ ಪ್ರಾಣಿಗಳಿಗೆ ವಿಟಮಿನ್ ಸಿ ಒಂದು ವಿಟಮಿನ್ನೇ ಅಲ್ಲ. ಆಡು, ಇಲಿ, ನಾಯಿ, ಬೆಕ್ಕು ಇವೆಲ್ಲ ತಮಗೆ ಬೇಕಾದಷ್ಟನ್ನು ಸಕ್ಕರೆಯಿಂದ ಮೈಯೊಳಗೇ ತಯಾರಿಸಿಕೊಳ್ಳುತ್ತವೆ. ಈ ತಯಾರಿಯ ಕೊನೆಯ ಹಂತಕ್ಕೆ ಬೇಕಾದ ಕಿಣ್ವದ ವಂಶವಾಹಿ ಮನುಷ್ಯರಲ್ಲಿ, ಮಂಗಗಳಲ್ಲಿ, ಗಿನಿಯಿಲಿಯಲ್ಲಿ, ಕೆಲವು ಬಾವಲಿಗಳಲ್ಲಿ ಕೆಟ್ಟುಹೋಗಿದೆ. ಹಾಗಾಗಿ ನಮಗೆ ಊಟದಿಂದಲೇ ಬರಬೇಕು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಗಿನಿಯಿಲಿಗಳಿಗೆ ಬರೀ ಧಾನ್ಯ ತಿನ್ನಿಸಿ ಸ್ಕರ್ವಿ ಎಂಬ ಕೊರತೆಯ ಕಾಯಿಲೆ ಬರಿಸಿದ್ದು ಈ ಸಂಶೋಧನೆಗೆ ದಾರಿ ಮಾಡಿಕೊಟ್ಟಿತು. ಅವರು ಇಲಿಯನ್ನು ಆರಿಸಿಕೊಂಡಿದ್ದರೆ ಏನೂ ಕಾಣುತ್ತಿರಲಿಲ್ಲ.

ದೇಹದಲ್ಲಿ ಇದರ ಮುಖ್ಯ ಕಸುಬು ಕೊಲಾಜೆನ್ ತಯಾರಿಗೆ ನೆರವಾಗುವುದು. ಚರ್ಮ, ಮೂಳೆ, ವಸಡು, ರಕ್ತನಾಳದ ಗೋಡೆ ಎಲ್ಲದಕ್ಕೂ ಬಿಗಿ ಕೊಡುವ ಪ್ರೋಟೀನ್ ಕೊಲಾಜೆನ್. ಅದರ ಮೂರು ಎಳೆಗಳು ಹುರಿಗೊಂಡು ಗಟ್ಟಿಯಾಗಿ ನಿಲ್ಲಬೇಕಾದರೆ ಎಳೆಯಲ್ಲಿರುವ ಪ್ರೋಲಿನ್, ಲೈಸಿನ್ ಎಂಬ ಅಮೈನೋ ಆಮ್ಲಗಳಿಗೆ ಒಂದು ರಾಸಾಯನಿಕ ಮಾರ್ಪಾಡು ಆಗಬೇಕು. ಅದನ್ನು ಮಾಡುವ ಕಿಣ್ವದಲ್ಲಿ ಒಂದು ಕಬ್ಬಿಣದ ಪರಮಾಣು ಇದೆ. ಆ ಕಬ್ಬಿಣವನ್ನು ಕೆಲಸಕ್ಕೆ ಬರುವ ಸ್ಥಿತಿಯಲ್ಲಿ ಇಡುವುದು ವಿಟಮಿನ್ ಸಿ. ಅದಿಲ್ಲದಿದ್ದರೆ ಕೊಲಾಜೆನ್ ಸಡಿಲವಾಗುತ್ತದೆ, ವಸಡಿನಿಂದ ರಕ್ತ ಒಸರುತ್ತದೆ, ಚರ್ಮದಡಿ ಚುಕ್ಕೆ ಚುಕ್ಕೆ ರಕ್ತಸ್ರಾವವಾಗುತ್ತದೆ, ಗಾಯ ಮಾಯುವುದಿಲ್ಲ. ಇದೇ ಸ್ಕರ್ವಿ.

ಗಾಯ ಮಾಯದಿರುವುದು ಎಂದರೆ ಹೇಗೆ ಎಂಬುದನ್ನು ಅಮೆರಿಕದ ಜಾನ್ ಕ್ರ್ಯಾಂಡನ್ ಎಂಬ ಯುವ ಶಸ್ತ್ರವೈದ್ಯ ತನ್ನ ಮೈಮೇಲೆಯೇ ಪರೀಕ್ಷಿಸಿ ನೋಡಿದ. 1939ರ ಹೊತ್ತಿಗೆ ಆತ ವಿಟಮಿನ್ ಸಿ ಇಲ್ಲವೇ ಇಲ್ಲ ಎನ್ನುವಂಥ ಆಹಾರ ಶುರುಮಾಡಿದ. ಮೂರು ತಿಂಗಳಾದ ಮೇಲೆ ಬೆನ್ನಿನ ಮೇಲೆ ಒಂದು ಕೊಯ್ತ ಹಾಕಿಸಿಕೊಂಡ. ರಕ್ತದಲ್ಲಿ ವಿಟಮಿನ್ ಸಿ ಆಗಲೇ ಅಳತೆಗೆ ಸಿಗದಷ್ಟು ಇಳಿದಿತ್ತು, ಆದರೂ ಗಾಯ ಸೊಗಸಾಗಿ ಮಾಯಿತು. ಆರು ತಿಂಗಳಾದ ಮೇಲೆ ಇನ್ನೊಂದು ಕೊಯ್ತ. ಈ ಸಲ ಮೇಲಿನ ಚರ್ಮ ಕೂಡಿಕೊಂಡಂತೆ ಕಂಡರೂ ಒಳಗೆ ಏನೂ ಕೂಡಿರಲಿಲ್ಲ. ವಿಟಮಿನ್ ಸಿ ಕೊಟ್ಟ ಮೇಲೆ ಅದೂ ಮಾಯಿತು. ರಕ್ತದಲ್ಲಿ ಕಾಣುವ ಮಟ್ಟವೇ ಬೇರೆ, ಜೀವಕೋಶಗಳು ಕೂಡಿಟ್ಟುಕೊಂಡಿರುವುದೇ ಬೇರೆ ಎಂಬುದು ಇದರಿಂದ ಗೊತ್ತಾಯಿತು.

ಕೊಲಾಜೆನ್ ಅಲ್ಲದೆ ನರಗಳ ಸಂದೇಶವಾಹಕವಾದ ನಾರ್‌ಎಪಿನೆಫ್ರಿನ್ ತಯಾರಿಗೂ, ಕೊಬ್ಬನ್ನು ಶಕ್ತಿಯಾಗಿ ಬಳಸಲು ಬೇಕಾದ ಕಾರ್ನಿಟಿನ್ ತಯಾರಿಗೂ ಇದು ಬೇಕು. ಸಸ್ಯಾಹಾರದಲ್ಲಿರುವ ಕಬ್ಬಿಣಾಂಶ ಕರುಳಿನಲ್ಲಿ ಚೆನ್ನಾಗಿ ಹೀರಿಕೊಳ್ಳುವಂತೆ ಮಾಡುತ್ತದೆ. ಇವೆಲ್ಲ ಖಚಿತವಾದ ಸಂಗತಿಗಳು.

ದೀರ್ಘಕಾಲದ ಕಾಯಿಲೆಗಳ ಮಾತು ಬಂದದ್ದು ಇದರ ಇನ್ನೊಂದು ಗುಣದಿಂದ. ವಿಟಮಿನ್ ಸಿ ಆ್ಯಂಟಿಆಕ್ಸಿಡೆಂಟ್. ಉಸಿರಾಟ, ಉರಿಯೂತ, ಸಿಗರೇಟಿನ ಹೊಗೆ ಇವುಗಳಿಂದ ಹುಟ್ಟುವ ಚಂಚಲ ಅಣುಗಳಿಗೆ ತನ್ನ ಎಲೆಕ್ಟ್ರಾನ್ ಕೊಟ್ಟು ಸುಮ್ಮನಾಗಿಸುತ್ತದೆ. ಕೆಟ್ಟ ಕೊಲೆಸ್ಟರಾಲ್ ಉತ್ಕರ್ಷಣಗೊಂಡಾಗ ರಕ್ತನಾಳದ ಗೋಡೆಯಲ್ಲಿ ಕೂರುತ್ತದೆ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಕ್ಯಾನ್ಸರ್ ಮೊಳೆಯಬಹುದು. ಹಾಗಾದರೆ ಇವನ್ನು ತಡೆಯುವ ವಸ್ತುವನ್ನು ಹೆಚ್ಚು ಹೆಚ್ಚು ಕೊಟ್ಟರೆ ಹೃದ್ರೋಗ, ಕ್ಯಾನ್ಸರ್ ಎರಡೂ ದೂರ ಇರಬೇಕಲ್ಲ? ತರ್ಕ ಚೆನ್ನಾಗಿಯೇ ಇದೆ. ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ನಡೆದೂ ಇದೆ. ಮನುಷ್ಯರಲ್ಲಿ ಮಾತ್ರ ನಿರೀಕ್ಷಿಸಿದಂತೆ ನಡೆಯಲಿಲ್ಲ.

ತುಂಬಿದ ಕೊಡ

ಮೊದಲ ಕಾರಣ ನಮ್ಮ ದೇಹವೇ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮಾರ್ಕ್ ಲೆವಿನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದದ್ದು ಕೇವಲ ಏಳು ಮಂದಿ ಆರೋಗ್ಯವಂತ ಯುವಕರು. ಅವರನ್ನು ತಿಂಗಳುಗಟ್ಟಲೆ ಆಸ್ಪತ್ರೆಯ ವಾರ್ಡಿನಲ್ಲೇ ಇರಿಸಿ, ವಿಟಮಿನ್ ಸಿ ಬಹುತೇಕ ಇಲ್ಲದ ಊಟ ಕೊಟ್ಟು, ಅದರ ಮೇಲೆ ಅಳೆದು ಅಳೆದು ವಿಟಮಿನ್ ಸಿ ಕೊಟ್ಟರು: ಮೊದಲು ದಿನಕ್ಕೆ 30 ಮಿಲಿಗ್ರಾಂ, ಆಮೇಲೆ 60, 100, 200, 400, 1000, ಕೊನೆಗೆ 2500. ಪ್ರತಿ ಹಂತದಲ್ಲೂ ರಕ್ತದ ಮಟ್ಟ ಒಂದು ನೆಲೆಗೆ ನಿಲ್ಲುವವರೆಗೆ ಕಾದರು.

30ರಿಂದ 100 ಮಿಲಿಗ್ರಾಂವರೆಗೆ ರಕ್ತದ ಮಟ್ಟ ಕಡಿದಾಗಿ ಏರಿತು. 100 ಮಿಲಿಗ್ರಾಂ ಹೊತ್ತಿಗೇ ಬಿಳಿ ರಕ್ತಕಣಗಳು ತಾವು ಹಿಡಿಯುವಷ್ಟನ್ನು ಹಿಡಿದುಕೊಂಡಿದ್ದವು. 200 ದಾಟಿದ ಮೇಲೆ ಏರಿಕೆ ಮಂದವಾಯಿತು, 400 ಮಿಲಿಗ್ರಾಂಗೆ ರಕ್ತವೂ ಹೆಚ್ಚುಕಡಿಮೆ ತುಂಬಿತು. ಅಲ್ಲಿಂದ 2500ಕ್ಕೆ ಹೋದರೂ, ಅಂದರೆ ಆರು ಪಟ್ಟು ಹೆಚ್ಚು ಕೊಟ್ಟರೂ, ಮಟ್ಟ ಅಲ್ಪಸ್ವಲ್ಪ ಮಾತ್ರ ಮೇಲೇರಿತು. ಕರುಳಿನಲ್ಲಿ ವಿಟಮಿನ್ ಸಿ ಒಳಗೆ ಸಾಗಿಸುವ ಪ್ರೋಟೀನುಗಳಿಗೆ ಒಂದು ಮಿತಿ ಇದೆ. ಒಂದೇ ಸಲಕ್ಕೆ ಒಂದು ಗ್ರಾಂಗಿಂತ ಹೆಚ್ಚು ನುಂಗಿದರೆ ಅರ್ಧವೂ ಒಳಗೆ ಹೋಗುವುದಿಲ್ಲ. ಒಳಗೆ ಹೋದದ್ದರಲ್ಲೂ ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಹಾಕುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುವ ಗಾದೆ ಇಲ್ಲಿ ನಡೆಯದು. ಈ ಕೊಡ ತುಂಬಿದ ಮೇಲೆ ಹೊಯ್ದದ್ದೆಲ್ಲ ಚೆಲ್ಲಿಯೇ ಹೋಗುತ್ತದೆ.

ದಿನಕ್ಕೆ ಇಷ್ಟು ಬೇಕು ಎಂದು ಸರಕಾರಿ ಸಂಸ್ಥೆಗಳು ಹೇಳುವ ಅಂಕಿಗಳು ಒಂದೊಂದು ಕಡೆ ಒಂದೊಂದು ಥರ ಇರುವುದೂ ಇದೇ ಏರುರೇಖೆಯಿಂದ. ಬ್ರಿಟನ್ 40 ಮಿಲಿಗ್ರಾಂ ಎನ್ನುತ್ತದೆ, ಅಮೆರಿಕ ಗಂಡಸರಿಗೆ 90, ಹೆಂಗಸರಿಗೆ 75 ಎನ್ನುತ್ತದೆ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 110 ಮತ್ತು 95 ಎನ್ನುತ್ತದೆ. ಸ್ಕರ್ವಿ ಬಾರದಂತೆ ನೋಡಿಕೊಂಡು ಸ್ವಲ್ಪ ಮೇಲಿಟ್ಟರೆ ಸಾಕೆನ್ನುವವರು ಕೆಳಗಿನ ಅಂಕಿ ಹೇಳುತ್ತಾರೆ, ಜೀವಕೋಶಗಳು ತುಂಬಿರಲಿ ಎನ್ನುವವರು ಮೇಲಿನದನ್ನು. ಸ್ಕರ್ವಿ ತಡೆಯಲು ಮಾತ್ರ ಬಹಳ ಕಡಿಮೆ ಸಾಕು. ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಶೆಫೀಲ್ಡಿನಲ್ಲಿ, ಯುದ್ಧಕ್ಕೆ ಹೋಗಲೊಪ್ಪದ 20 ಸ್ವಯಂಸೇವಕರ ಮೇಲೆ ನಡೆದ ಪ್ರಯೋಗದಲ್ಲಿ ದಿನಕ್ಕೆ 10 ಮಿಲಿಗ್ರಾಂ ಕೊಟ್ಟವರಿಗೆ ಸ್ಕರ್ವಿ ಬರಲಿಲ್ಲ. ಬಂದವರಿಗೂ ಅಷ್ಟರಿಂದಲೇ ವಾಸಿಯಾಯಿತು. ಒಂದು ಸಾಧಾರಣ ಗಾತ್ರದ ಕಿತ್ತಳೆಯಲ್ಲಿ ಇದರ ಆರೇಳು ಪಟ್ಟು ಇರುತ್ತದೆ.

ಹೀಗಾಗಿ ಚೆನ್ನಾಗಿ ಉಣ್ಣುತ್ತಿರುವ ಒಬ್ಬರಿಗೆ ಮಾತ್ರೆ ಕೊಟ್ಟರೆ ಅವರ ದೇಹದೊಳಗೆ ಬದಲಾಗುವುದು ಅಷ್ಟಕ್ಕಷ್ಟೆ. ಅಮೆರಿಕದ 14,641 ಮಂದಿ ಪುರುಷ ವೈದ್ಯರ ಮೇಲೆ ನಡೆದ ಎರಡನೇ ಫಿಸಿಶಿಯನ್ಸ್ ಹೆಲ್ತ್ ಸ್ಟಡಿಯಲ್ಲಿ ದಿನಕ್ಕೆ 500 ಮಿಲಿಗ್ರಾಂ ವಿಟಮಿನ್ ಸಿಯನ್ನು ಸರಾಸರಿ ಎಂಟು ವರ್ಷ ಕೊಟ್ಟರು. ಹೃದಯಾಘಾತ ಕಡಿಮೆಯಾಗಲಿಲ್ಲ, ಕ್ಯಾನ್ಸರೂ ಕಡಿಮೆಯಾಗಲಿಲ್ಲ. ಹೃದ್ರೋಗದ ಅಪಾಯ ಹೆಚ್ಚಿದ್ದ 8,171 ಮಹಿಳೆಯರ ಮೇಲೆ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ಇನ್ನೊಂದು ಪ್ರಯೋಗದಲ್ಲೂ ಅಷ್ಟೆ. ಐವತ್ತು ದಾಟಿದ, ಓದಿಕೊಂಡ, ಸ್ಥಿತಿವಂತ ವೈದ್ಯರ ಊಟದಲ್ಲಿ ಹಣ್ಣು-ತರಕಾರಿಗೆ ಕೊರತೆ ಇದ್ದಿರಲಾರದು. ಅವರ ಮೇಲೆ ವಿಟಮಿನ್ ಸಿ ಕೆಲಸ ಮಾಡಲಿಲ್ಲ ಎಂದರೆ ನನಗೇನೂ ಆಶ್ಚರ್ಯವಿಲ್ಲ.

ಕಾಲಿನ ಉದ್ದಕ್ಕೂ ಹಣ್ಣಿಗೂ ಏನು ಸಂಬಂಧ

ಆದರೆ ಕೊಡ ತುಂಬಿತ್ತು ಎಂಬ ವಿವರಣೆಯೊಂದರಿಂದಲೇ ಎಲ್ಲ ಮುಗಿಯುವುದಿಲ್ಲ. ಹಾರ್ಟ್ ಪ್ರೊಟೆಕ್ಷನ್ ಸ್ಟಡಿಯಲ್ಲಿ ಇದ್ದವರ ಕೊಡ ತುಂಬಿರಲಿಲ್ಲ. ಮಾತ್ರೆ ತೆಗೆದುಕೊಂಡವರ ರಕ್ತದಲ್ಲಿ ವಿಟಮಿನ್ ಸಿ ಮಟ್ಟ ಮೂರನೇ ಒಂದು ಭಾಗದಷ್ಟು, ಅಂದರೆ ಲೀಟರಿಗೆ ಸುಮಾರು 15 ಮೈಕ್ರೋಮೋಲ್‌ನಷ್ಟು ಏರಿತ್ತು. ನಾರ್ಫೋಕ್ ಲೆಕ್ಕ ನಿಜವಾಗಿದ್ದರೆ ಇಷ್ಟು ಏರಿಕೆಗೆ ಸಾವು ಶೇ 15ರಷ್ಟಾದರೂ ಕಡಿಮೆಯಾಗಬೇಕಿತ್ತು. ಇಪ್ಪತ್ತು ಸಾವಿರ ಜನರಲ್ಲಿ ಅಂಥ ವ್ಯತ್ಯಾಸ ಕಣ್ತಪ್ಪಿ ಹೋಗುವುದು ಸಾಧ್ಯವಿಲ್ಲ. ಅದೇ ಜನರಲ್ಲಿ, ಅದೇ ಪ್ರಯೋಗದ ಇನ್ನೊಂದು ಭಾಗವಾಗಿ ಸಿಮ್ವಾಸ್ಟಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆಯನ್ನೂ ಪರೀಕ್ಷಿಸಿದ್ದರು. ಅದು ಹೃದಯಾಘಾತ, ಪಾರ್ಶ್ವವಾಯುಗಳನ್ನು ಸುಮಾರು ಕಾಲುಭಾಗ ಇಳಿಸಿದ್ದು ಸ್ಪಷ್ಟವಾಗಿ ಕಂಡಿತು. ಅಂದಮೇಲೆ ಪ್ರಯೋಗದಲ್ಲಿ ಕೊರತೆ ಇರಲಿಲ್ಲ.

ಹಾಗಿದ್ದರೆ ನಾರ್ಫೋಕ್‌ನಲ್ಲಿ ಕಂಡದ್ದೇನು? ಇದಕ್ಕೆ ಅತ್ಯಂತ ಚುರುಕಾದ ಉತ್ತರ ಬಂದದ್ದು 2004ರಲ್ಲಿ, ಬ್ರಿಟನ್ನಿನ ಡೆಬ್ಬಿ ಲಾಲರ್, ಜಾರ್ಜ್ ಡೇವಿ ಸ್ಮಿತ್ ಮೊದಲಾದವರಿಂದ. ಅವರು 60ರಿಂದ 79 ವರ್ಷದ ಬ್ರಿಟಿಷ್ ಮಹಿಳೆಯರ ಒಂದು ದೊಡ್ಡ ಅಧ್ಯಯನವನ್ನು ತೆಗೆದುಕೊಂಡು, ರಕ್ತದಲ್ಲಿ ವಿಟಮಿನ್ ಸಿ ಕಡಿಮೆ ಇದ್ದವರು ಯಾರು, ಹೆಚ್ಚಿದ್ದವರು ಯಾರು ಎಂದು ನೋಡಿದರು. ಕಡಿಮೆ ಇದ್ದವರಲ್ಲಿ ದುಡಿಯುವ ವರ್ಗದವರು ಹೆಚ್ಚು, ಕಾರು ಇಲ್ಲದವರು ಹೆಚ್ಚು, ಸಿಗರೇಟು ಸೇದುವವರು ಹೆಚ್ಚು, ಬೊಜ್ಜಿನವರು ಹೆಚ್ಚು, ವ್ಯಾಯಾಮ ಮಾಡುವವರು ಕಡಿಮೆ. ಇಷ್ಟು ಯಾರೂ ಊಹಿಸಬಹುದಾದದ್ದೇ. ಆದರೆ ಅವರ ಕಾಲುಗಳೂ ಸರಾಸರಿಯಲ್ಲಿ ಸ್ವಲ್ಪ ಗಿಡ್ಡ ಇದ್ದವು.

ಅರವತ್ತು ದಾಟಿದ ಮೇಲೆ ಎಷ್ಟು ಕಿತ್ತಳೆ ತಿಂದರೂ ಕಾಲು ಉದ್ದವಾಗುವುದಿಲ್ಲ. ಕಾಲಿನ ಉದ್ದ ನಿರ್ಧಾರವಾಗುವುದು ಎಳವೆಯಲ್ಲಿ, ಆಗ ಸಿಕ್ಕ ಪೋಷಣೆಯಿಂದ, ಆಗ ಬಂದುಹೋದ ಕಾಯಿಲೆಗಳಿಂದ. ಅಂದರೆ ಮುದಿ ವಯಸ್ಸಿನಲ್ಲಿ ತೆಗೆದ ರಕ್ತದಲ್ಲಿ ಕಾಣುವ ವಿಟಮಿನ್ ಸಿ ಮಟ್ಟದಲ್ಲಿ ಅರವತ್ತು-ಎಪ್ಪತ್ತು ವರ್ಷ ಹಿಂದಿನ ಬಡತನವೂ ಸೇರಿಕೊಂಡಿದೆ. ಬಾಲ್ಯದ ಆ ಬಡತನ ಹೃದ್ರೋಗಕ್ಕೂ ಸ್ವತಂತ್ರವಾಗಿ ಕಾರಣವಾಗುತ್ತದೆ. ಸಂಖ್ಯಾಶಾಸ್ತ್ರಜ್ಞರು ಧೂಮಪಾನ, ತೂಕ, ಬಿಪಿ ಇವುಗಳ ಪ್ರಭಾವವನ್ನು ಲೆಕ್ಕದಿಂದ ಕಳೆಯುತ್ತಾರೆ ನಿಜ. ಆದರೆ ಒಬ್ಬ ಮನುಷ್ಯನ ಇಡೀ ಜೀವನವನ್ನು ನಾಲ್ಕಾರು ಪ್ರಶ್ನೆಗಳಲ್ಲಿ ಹಿಡಿದು ಕಳೆಯಲು ಆಗುವುದಿಲ್ಲ. ಉಳಿದದ್ದೆಲ್ಲ ವಿಟಮಿನ್ ಸಿ ಲೆಕ್ಕಕ್ಕೆ ಜಮೆಯಾಗುತ್ತದೆ.

ಇದಕ್ಕೆ ಇನ್ನೊಂದು ಪದರವೂ ಇದೆ. ವಿಟಮಿನ್ ಸಿ ಮಟ್ಟ ಹೆಚ್ಚಿದೆ ಎಂದರೆ ಹಣ್ಣು-ತರಕಾರಿ ತಿಂದಿದ್ದಾರೆ ಎಂದರ್ಥ. ಹಣ್ಣು-ತರಕಾರಿಯಲ್ಲಿ ನಾರು ಇದೆ, ಪೊಟ್ಯಾಸಿಯಂ ಇದೆ, ಫೋಲೇಟ್ ಇದೆ, ನೂರೆಂಟು ಸಸ್ಯ ರಾಸಾಯನಿಕಗಳಿವೆ. ಅಷ್ಟೇ ಮುಖ್ಯವಾಗಿ, ಹಣ್ಣು ತಿಂದ ಹೊಟ್ಟೆಯಲ್ಲಿ ಕರಿದ ತಿಂಡಿಗೆ ಜಾಗ ಕಡಿಮೆ. ಸಾಲದ್ದಕ್ಕೆ ಉರಿಯೂತ, ಧೂಮಪಾನ, ಸುಪ್ತವಾಗಿರುವ ಕಾಯಿಲೆ ಇವು ತಾವೇ ವಿಟಮಿನ್ ಸಿಯನ್ನು ಬೇಗ ಖರ್ಚು ಮಾಡಿಬಿಡುತ್ತವೆ. ಸಿಗರೇಟು ಸೇದುವವರಿಗೆ ದಿನಕ್ಕೆ 35 ಮಿಲಿಗ್ರಾಂ ಹೆಚ್ಚು ಬೇಕೆಂದು ಅಮೆರಿಕದ ಶಿಫಾರಸು ಹೇಳುವುದು ಇದಕ್ಕೇ. ಮಟ್ಟ ಕಡಿಮೆಯಾದದ್ದರಿಂದ ಕಾಯಿಲೆ ಬಂತೋ, ಕಾಯಿಲೆ ಬಂದದ್ದರಿಂದ ಮಟ್ಟ ಕಡಿಮೆಯಾಯಿತೋ ಎಂದು ಒಂದೇ ಸಲ ತೆಗೆದ ರಕ್ತದಿಂದ ಹೇಳಲು ಬರುವುದಿಲ್ಲ.

ವಂಶವಾಹಿಗಳ ಸಾಕ್ಷ್ಯವೂ ಇದೇ ಕಡೆಗೆ ವಾಲುತ್ತದೆ. ವಿಟಮಿನ್ ಸಿ ಸಾಗಿಸುವ ಪ್ರೋಟೀನಿನ ವಂಶವಾಹಿಯಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಒಂದು ಸಣ್ಣ ವ್ಯತ್ಯಾಸ ಇರುತ್ತದೆ. ಅಂಥವರ ಮಟ್ಟ ಜೀವನವಿಡೀ ಉಳಿದವರಿಗಿಂತ ಕೊಂಚ ಕಡಿಮೆ. ಈ ವ್ಯತ್ಯಾಸ ಬಡವ-ಬಲ್ಲಿದ ಎಂದು ನೋಡಿ ಬರುವುದಿಲ್ಲ, ಸಿಗರೇಟು ಸೇದುವವರನ್ನು ಹುಡುಕಿಕೊಂಡೂ ಬರುವುದಿಲ್ಲ. ವಿಟಮಿನ್ ಸಿ ಕಡಿಮೆಯಾಗುವುದೇ ಹೃದ್ರೋಗಕ್ಕೆ ಕಾರಣವಾಗಿದ್ದರೆ ಇವರಲ್ಲಿ ಹೃದ್ರೋಗ ಹೆಚ್ಚಿರಬೇಕು. ಹಾಗೆ ಕಂಡುಬರಲಿಲ್ಲ. ಟೈಪ್ 2 ಸಕ್ಕರೆ ಕಾಯಿಲೆಯಲ್ಲೂ ಇದೇ ಕಥೆ: ಯುರೋಪಿನ ಎಂಟು ದೇಶಗಳ ಜನರಲ್ಲಿ ರಕ್ತದ ವಿಟಮಿನ್ ಸಿ ಹೆಚ್ಚಿದ್ದಷ್ಟೂ ಸಕ್ಕರೆ ಕಾಯಿಲೆ ಕಡಿಮೆ ಎಂದು 2020ರಲ್ಲಿ ವರದಿಯಾಯಿತು. ಮರುವರ್ಷ ವಂಶವಾಹಿಗಳ ಮೂಲಕ ಪರೀಕ್ಷಿಸಿದಾಗ ಕಾರಣ-ಪರಿಣಾಮದ ನಂಟು ಸಿಗಲಿಲ್ಲ. ಈ ವಂಶವಾಹಿ ವ್ಯತ್ಯಾಸದ ಪರಿಣಾಮ ಚಿಕ್ಕದು, ಹಾಗಾಗಿ ಇದೊಂದನ್ನೇ ನೆಚ್ಚಿ ತೀರ್ಪು ಕೊಡಬಾರದು. ಆದರೆ ಬೇರೆ ಬೇರೆ ದಾರಿಯಲ್ಲಿ ಹೋದವರು ಒಂದೇ ಕಡೆ ಬಂದು ತಲುಪಿದಾಗ ಅದಕ್ಕೆ ಬೆಲೆ ಕೊಡಲೇಬೇಕು.

ಪೌಲಿಂಗ್ ನಂಬಿಕೆ

ಇಷ್ಟೆಲ್ಲ ಇದ್ದೂ "ಸಿ ಮಾತ್ರೆ ಎಲ್ಲದಕ್ಕೂ ಒಳ್ಳೆಯದು" ಎಂಬ ನಂಬಿಕೆ ಇಷ್ಟು ಗಟ್ಟಿಯಾಗಿ ಬೇರೂರಿದ್ದು ಹೇಗೆ? ಇದರ ದೊಡ್ಡ ಪಾಲು ಲೈನಸ್ ಪೌಲಿಂಗ್‌ಗೆ ಸಲ್ಲಬೇಕು. ರಸಾಯನಶಾಸ್ತ್ರದಲ್ಲಿ 1954ರ ನೊಬೆಲ್, ಶಾಂತಿಗೆ 1962ರ ನೊಬೆಲ್ ಪಡೆದ ಮೇಧಾವಿ ಆತ. 1970ರಲ್ಲಿ ನೆಗಡಿಗೆ ವಿಟಮಿನ್ ಸಿ ಮದ್ದು ಎಂದು ಪುಸ್ತಕ ಬರೆದರು, ಜನ ಔಷಧಿ ಅಂಗಡಿಗಳಿಗೆ ನುಗ್ಗಿದರು. ಪ್ರಾಣಿಗಳು ದಿನಕ್ಕೆ ಗ್ರಾಂಗಟ್ಟಲೆ ತಯಾರಿಸಿಕೊಳ್ಳುತ್ತವೆ, ಮನುಷ್ಯನಿಗೂ ಅಷ್ಟೇ ಬೇಕು ಎಂಬುದು ಅವರ ವಾದ.

ನೆಗಡಿಯ ವಿಷಯ ಕೊನೆಗೆ ಬಗೆಹರಿದದ್ದು ಹೀಗೆ: ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ 2013ರ ಕಾಕ್ರೇನ್ ಪರಾಮರ್ಶೆಯ ಪ್ರಕಾರ, ದಿನವೂ ತೆಗೆದುಕೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪುವುದಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಶೇ 8ರಷ್ಟು, ಮಕ್ಕಳಲ್ಲಿ ಶೇ 14ರಷ್ಟು ಬೇಗ ಹೋಗುತ್ತದೆ. ಶುರುವಾದ ಮೇಲೆ ನುಂಗಿದರೆ ಅದೂ ಖಚಿತವಿಲ್ಲ. ಮ್ಯಾರಥಾನ್ ಓಟಗಾರರು, ಕೊರೆಯುವ ಚಳಿಯಲ್ಲಿ ಕವಾಯತು ಮಾಡುವ ಸೈನಿಕರು ಇಂಥವರಲ್ಲಿ ಮಾತ್ರ ನೆಗಡಿ ಅರ್ಧದಷ್ಟು ಕಡಿಮೆಯಾಯಿತು.

ಕ್ಯಾನ್ಸರಿನ ಕಥೆ ಇನ್ನೂ ಜಟಿಲ. 1976ರಲ್ಲಿ ಪೌಲಿಂಗ್ ಮತ್ತು ಸ್ಕಾಟ್ಲೆಂಡಿನ ವೈದ್ಯ ಇವಾನ್ ಕ್ಯಾಮರಾನ್, ಕೊನೆಯ ಹಂತದ 100 ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ 10 ಗ್ರಾಂ ವಿಟಮಿನ್ ಸಿ ಕೊಟ್ಟದ್ದರಿಂದ ಹೆಚ್ಚು ಕಾಲ ಬದುಕಿದರೆಂದು ಬರೆದರು. ಹೋಲಿಕೆಗೆ ಇಟ್ಟುಕೊಂಡದ್ದು ಅದೇ ಆಸ್ಪತ್ರೆಯ ಹಳೆಯ ದಾಖಲೆಗಳನ್ನು. ಇದು ದುರ್ಬಲ ಪದ್ಧತಿ, ಯಾಕೆಂದರೆ ಯಾರನ್ನು ಯಾವಾಗ "ಕೊನೆಯ ಹಂತ" ಎಂದು ಗುರುತಿಸಿದರು ಎಂಬುದರ ಮೇಲೆಯೇ ಫಲಿತಾಂಶ ಬದಲಾಗುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆ 1979 ಮತ್ತು 1985ರಲ್ಲಿ ಹುಸಿ ಮಾತ್ರೆಯೊಂದಿಗೆ ಹೋಲಿಸಿ ನೋಡಿದಾಗ ಯಾವ ಲಾಭವೂ ಕಾಣಲಿಲ್ಲ. ಒಂದು ವ್ಯತ್ಯಾಸ ಮಾತ್ರ ಇತ್ತು: ಕ್ಯಾಮರಾನ್ ಮೊದಮೊದಲು ರಕ್ತನಾಳದ ಮೂಲಕ ಕೊಡುತ್ತಿದ್ದರು, ಮೇಯೋದವರು ಬಾಯಿಯ ಮೂಲಕ. ರಕ್ತನಾಳಕ್ಕೆ ನೇರವಾಗಿ ಕೊಟ್ಟರೆ ಕರುಳಿನ ತಡೆ ತಪ್ಪಿ ಮಟ್ಟ ನೂರು ಪಟ್ಟಿನ ಆಸುಪಾಸಿಗೂ ಏರಬಲ್ಲದು. ಅಷ್ಟು ಎತ್ತರದಲ್ಲಿ ಅದು ಆ್ಯಂಟಿಆಕ್ಸಿಡೆಂಟ್ ಆಗಿ ಉಳಿಯದೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸಿ ಜೀವಕೋಶಗಳನ್ನು ಘಾಸಿಗೊಳಿಸುತ್ತದೆ. ಇದನ್ನು ಕ್ಯಾನ್ಸರ್ ಚಿಕಿತ್ಸೆಯಾಗಿ ಇನ್ನೂ ಪರೀಕ್ಷಿಸುತ್ತಿದ್ದಾರೆ. ಅದು ಔಷಧದ ವಿಷಯ, ನಾವು ನುಂಗುವ ಮಾತ್ರೆಗೂ ಅದಕ್ಕೂ ಸಂಬಂಧವಿಲ್ಲ. ರಕ್ತನಾಳದ ಮೂಲಕ ಕೊಟ್ಟದ್ದೆಲ್ಲ ಒಳ್ಳೆಯದೂ ಅಲ್ಲ: ತೀವ್ರ ಸೋಂಕಿನಿಂದ ಐಸಿಯುನಲ್ಲಿದ್ದವರಿಗೆ ಹೀಗೆ ಕೊಟ್ಟು ನೋಡಿದ 2022ರ ಒಂದು ದೊಡ್ಡ ಪ್ರಯೋಗದಲ್ಲಿ, ಸಾವು ಅಥವಾ ಅಂಗಾಂಗ ವೈಫಲ್ಯ ಮುಂದುವರಿಯುವುದು ವಿಟಮಿನ್ ಸಿ ಪಡೆದವರಲ್ಲೇ ಹೆಚ್ಚಿತ್ತು.

ಸಣ್ಣ ಲಾಭಗಳು, ಸಣ್ಣ ಅಪಾಯಗಳು

ಮಾತ್ರೆಯಿಂದ ಏನೂ ಆಗುವುದಿಲ್ಲ ಎನ್ನುವುದೂ ತಪ್ಪು. 29 ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ, ದಿನಕ್ಕೆ 500 ಮಿಲಿಗ್ರಾಂ ಆಸುಪಾಸಿನ ಪ್ರಮಾಣದಲ್ಲಿ ಸುಮಾರು ಎಂಟು ವಾರ ತೆಗೆದುಕೊಂಡವರ ಮೇಲಿನ ಬಿಪಿ ಸರಾಸರಿ 4 ಅಂಕಿಯಷ್ಟು ಇಳಿದಿತ್ತು. ಯೂರಿಕ್ ಆಮ್ಲವೂ ಸ್ವಲ್ಪ ಇಳಿಯುತ್ತದೆ, ಆದರೆ ಈ ಆಮ್ಲ ಹೆಚ್ಚಾಗಿ ಬರುವ ಗೌಟ್ ಎಂಬ ಕೀಲಿನ ಕಾಯಿಲೆ ಇದ್ದವರಲ್ಲಿ ಚಿಕಿತ್ಸೆಯ ಬದಲಿಗೆ ಬಳಸುವಷ್ಟಲ್ಲ. ವಯಸ್ಸಾದವರ ಅಕ್ಷಿಪಟಲ ಸವೆತ ಮಧ್ಯಮ ಹಂತಕ್ಕೆ ಬಂದಿದ್ದರೆ, ವಿಟಮಿನ್ ಸಿ, ಇ, ಬೀಟಾ ಕ್ಯಾರೊಟಿನ್, ಸತು ಸೇರಿದ ಮಾತ್ರೆ ಅದು ಉಲ್ಬಣವಾಗುವುದನ್ನು ಐದು ವರ್ಷದಲ್ಲಿ ಶೇ 25ರಷ್ಟು ತಗ್ಗಿಸಿತೆಂದು 2001ರ ಅಮೆರಿಕದ ಪ್ರಯೋಗ ತೋರಿಸಿತು. ಅದರಲ್ಲಿ ಸಿ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಬಿಪಿಯ ಆ 4 ಅಂಕಿಯನ್ನು ಎಂಟು ವಾರಕ್ಕೆ ನೋಡಿ ಹಿಗ್ಗುವುದು ಬೇಡ. ವರ್ಷಗಟ್ಟಲೆ ನಡೆದ ದೊಡ್ಡ ಪ್ರಯೋಗಗಳಲ್ಲಿ ಪಾರ್ಶ್ವವಾಯು ಕಡಿಮೆಯಾಗಿಲ್ಲ ಎಂಬುದನ್ನು ಅದರ ಪಕ್ಕದಲ್ಲೇ ಇಟ್ಟು ನೋಡಬೇಕು.

ಅಪಾಯದ ಕಡೆ ಮುಖ್ಯವಾದದ್ದು ಕಿಡ್ನಿ ಕಲ್ಲು. ವಿಟಮಿನ್ ಸಿ ದೇಹದಲ್ಲಿ ಒಡೆದಾಗ ಒಂದಷ್ಟು ಆಕ್ಸಲೇಟ್ ಆಗುತ್ತದೆ, ಕಲ್ಲುಗಳಲ್ಲಿ ಹೆಚ್ಚಿನವು ಆಕ್ಸಲೇಟ್ ಕಲ್ಲುಗಳೇ. ಸ್ವೀಡನ್ನಿನ ಗಂಡಸರಲ್ಲಿ ವಿಟಮಿನ್ ಸಿ ಮಾತ್ರೆ, ಅಂದರೆ ಸಾಮಾನ್ಯವಾಗಿ 1000 ಮಿಲಿಗ್ರಾಮಿನದು, ನುಂಗುವವರಿಗೆ ಕಲ್ಲು ಬರುವ ಸಂಭವ ಉಳಿದವರ ಎರಡು ಪಟ್ಟು ಎಂದು 2013ರಲ್ಲಿ ವರದಿಯಾಯಿತು. ಇದೂ ನಾರ್ಫೋಕ್‌ನಂತೆ ಗಮನಿಸಿ ಬರೆದ ಅಧ್ಯಯನವೇ, ಮೇಲೆ ಹೇಳಿದ ಅನುಮಾನಗಳೆಲ್ಲ ಇದಕ್ಕೂ ಅನ್ವಯಿಸುತ್ತವೆ. ಆದರೆ ಇಲ್ಲಿ ರಾಸಾಯನಿಕ ಕಾರಣ ಕಣ್ಣೆದುರಿಗಿದೆ. ಒಮ್ಮೆ ಕಲ್ಲು ಬಂದವರು ದೊಡ್ಡ ಮಾತ್ರೆಯಿಂದ ದೂರ ಇರುವುದೇ ಲೇಸು. ದೇಹದಲ್ಲಿ ಕಬ್ಬಿಣ ವಿಪರೀತ ಸೇರಿಕೊಳ್ಳುವ ಆನುವಂಶಿಕ ಕಾಯಿಲೆ ಇದ್ದವರು, ಡಯಾಲಿಸಿಸ್‌ನಲ್ಲಿರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿರುವುದಿಲ್ಲ: ಹೆಚ್ಚಿನ ಪ್ರಮಾಣದ ವಿಟಮಿನ್ ಸಿ ರಕ್ತದಲ್ಲಿದ್ದರೆ ಮನೆಯಲ್ಲಿ ಸಕ್ಕರೆ ನೋಡುವ ಕೆಲವು ಗ್ಲೂಕೋಮೀಟರುಗಳು ಇರುವುದಕ್ಕಿಂತ ಹೆಚ್ಚು ಸಕ್ಕರೆ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸಿಕೊಂಡರೆ ಅಪಾಯ. ಅಮೆರಿಕದ ಮಾರ್ಗಸೂಚಿ ದೊಡ್ಡವರಿಗೆ ದಿನಕ್ಕೆ 2000 ಮಿಲಿಗ್ರಾಂ ಮಿತಿ ಹಾಕಿರುವುದು ಹೊಟ್ಟೆ ಕೆಟ್ಟು ಭೇದಿಯಾಗುತ್ತದೆ ಎಂಬ ಕಾರಣಕ್ಕೆ.

200 ಮಿಲಿಗ್ರಾಂ ಬೇಕೆಂದರೂ ಮಾತ್ರೆಯೇ ಆಗಬೇಕಿಲ್ಲ. 100 ಗ್ರಾಂ ಸೀಬೆಹಣ್ಣಿನಲ್ಲಿ ಇನ್ನೂರು ಮಿಲಿಗ್ರಾಮಿಗಿಂತ ಹೆಚ್ಚಿದೆ, ಕೆಂಪು ದಪ್ಪ ಮೆಣಸಿನಕಾಯಿಯಲ್ಲಿ ನೂರು ದಾಟುತ್ತದೆ, ಕಿತ್ತಳೆಯಲ್ಲಿ ಐವತ್ತರ ಆಸುಪಾಸು. ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರು ಬಸಿದರೆ ದೊಡ್ಡ ಪಾಲು ನೀರಿನೊಂದಿಗೇ ಹೋಗುತ್ತದೆ. ಹಬೆಯಲ್ಲಿ ಬೇಯಿಸಿದರೆ ನಷ್ಟ ಕಡಿಮೆ. ಹೆಚ್ಚಿ ಗಾಳಿಗೆ ಬಿಟ್ಟಷ್ಟೂ ಕರಗುತ್ತದೆ.

ನಿಜವಾಗಿ ಕೊರತೆ ಇರುವವರ ಕಥೆ

ದೊಡ್ಡ ಪ್ರಯೋಗಗಳೆಲ್ಲ ಒಂದು ಪ್ರಶ್ನೆಯನ್ನು ಮುಟ್ಟದೆ ಬಿಟ್ಟಿವೆ. ಒಂಟಿಯಾಗಿದ್ದು ಬ್ರೆಡ್ಡು-ಚಹಾದಲ್ಲೇ ದಿನ ದೂಡುವ ಮುದುಕರು, ಕುಡಿತಕ್ಕೆ ಬಿದ್ದವರು, ವಿಪರೀತ ಸಿಗರೇಟು ಸೇದುವವರು, ಕರುಳಿನ ಕಾಯಿಲೆಯಿಂದ ಆಹಾರ ಮೈಗೆ ಹತ್ತದವರು, ಎರಡು ಮೂರು ಪದಾರ್ಥ ಬಿಟ್ಟು ಇನ್ನೇನನ್ನೂ ಮುಟ್ಟದ ಮಕ್ಕಳು: ಇವರ ರಕ್ತದ ಮಟ್ಟ ಲೀಟರಿಗೆ 11 ಮೈಕ್ರೋಮೋಲ್‌ನ ಗಡಿಯ ಸುತ್ತಮುತ್ತ, ಸ್ಕರ್ವಿಯ ಹೊಸ್ತಿಲಲ್ಲೇ ಇರಬಹುದು. ಲೆವಿನ್ ರೇಖೆಯ ಕಡಿದಾದ ಭಾಗದಲ್ಲಿ ನಿಂತಿರುವವರು ಇವರು. ಇಲ್ಲಿ ನೂರು ಮಿಲಿಗ್ರಾಂ ಕೂಡ ಇಡೀ ಚಿತ್ರ ಬದಲಾಯಿಸುತ್ತದೆ. ಸುಸ್ತು, ಕೀಲುನೋವು, ಒಸರುವ ವಸಡು ಇವು ಕೆಲವೇ ದಿನಗಳಲ್ಲಿ ಇಳಿಮುಖವಾಗುತ್ತವೆ.

ಆದರೆ ಇಂಥವರ ಕೊರತೆಯನ್ನು ಹತ್ತು ವರ್ಷ ತುಂಬಿಕೊಟ್ಟರೆ ಹೃದಯಾಘಾತ ಕಡಿಮೆಯಾಗುತ್ತದೆಯೇ? ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಉಳಿದಿರುವ ಗಟ್ಟಿ ಪ್ರಶ್ನೆ ಇದೊಂದೇ. ಔಷಧದ ಪ್ರಯೋಗದಲ್ಲಿ ಹುಸಿ ಮಾತ್ರೆ ಪಡೆದವರ ಮೈಯಲ್ಲಿ ಆ ಔಷಧ ಸ್ವಲ್ಪವೂ ಇರುವುದಿಲ್ಲ. ವಿಟಮಿನ್ನಿನ ಪ್ರಯೋಗದಲ್ಲಿ ಹುಸಿ ಮಾತ್ರೆಯವರೂ ಮಧ್ಯಾಹ್ನ ಹಣ್ಣು ತಿನ್ನುತ್ತಾರೆ. ಹೋಲಿಕೆ ಸರಿಯಾಗಬೇಕಾದರೆ ಮೊದಲೇ ರಕ್ತ ನೋಡಿ ಕೊರತೆ ಇದ್ದವರನ್ನು ಮಾತ್ರ ಆರಿಸಬೇಕು. ಆ ಪರೀಕ್ಷೆಯೇ ಒಂದು ತಲೆನೋವು: ರಕ್ತ ತೆಗೆದ ಕೂಡಲೇ ವಿಟಮಿನ್ ಸಿ ಕೆಡತೊಡಗುತ್ತದೆ, ಆಮ್ಲ ಸೇರಿಸಿ ಕಡು ತಣ್ಣಗೆ ಇಡದಿದ್ದರೆ ಇಲ್ಲದ ಕೊರತೆ ಕಾಣುತ್ತದೆ. ಅದನ್ನೂ ಸರಿಯಾಗಿ ಮಾಡಿ, ಕೊರತೆ ಇರುವ ಸಾವಿರಾರು ಜನರನ್ನು ಹುಡುಕಿದರು ಎನ್ನೋಣ. ಆಮೇಲೆ ಅವರಲ್ಲಿ ಅರ್ಧ ಜನರಿಗೆ, ಕೊರತೆ ಇದೆಯೆಂದು ಗೊತ್ತಿದ್ದೂ, ವರ್ಷಗಟ್ಟಲೆ ಹುಸಿ ಮಾತ್ರೆ ಕೊಡಬೇಕಾಗುತ್ತದೆ. ಅದಕ್ಕೆ ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು.